ವಿಕ್ಕಾ ಮತದ ಋತುಹಬ್ಬಗಳೂ ನಮ್ಮ ಗಡಿಭಾಗದ ಹುಣ್ಣಿವೆ-ಅಮವಾಸ್ಯೆಗಳೂ

೧. ವಿಷಯ ಪ್ರವೇಶ

ಹಬ್ಬವೆಂಬುದು ಕೇವಲ ಉಣಿಸು-ತಿನಿಸಿನ ಸಂಭ್ರಮವಲ್ಲ. ಒಂದು ಜನಾಂಗವು ಮಳೆ-ಬಿಸಿಲು, ಬಿತ್ತಿಗೆ-ಸುಗ್ಗಿ, ಹುಟ್ಟು-ಸಾವುಗಳನ್ನು ಕುರಿತು ತಾಳಿದ ನಿಲುವು ಅದರಲ್ಲಿ ಅಡಗಿರುವದು. ಆ ನಿಲುವನ್ನು ತಿಳಿಯಬೇಕೆನ್ನುವ ಅಭ್ಯಾಸಿಯು ಆಚರಣೆಯನ್ನಷ್ಟೆ ಕಣ್ಣಿನಿಂದ ನೋಡಿದರೆ ಸಾಲದು. ಅದರ ಸಂಗಡ ಬರುವ ಮಾತನ್ನೂ ಹಾಡನ್ನೂ ಕಿವಿಗೊಟ್ಟು ಕೇಳಬೇಕು. ಅಷ್ಟಕ್ಕೂ ನಿಲ್ಲದೆ, ಆ ಹಬ್ಬದ ಸಡಗರದಲ್ಲಿ ಎಲ್ಲರ ಹಿಂದೆ ನಿಂತವರ ಪಾಲಿಗೆ ಏನು ಬಂದಿತೆಂಬುದನ್ನೂ ವಿಚಾರಿಸಬೇಕು. ಆಚರಣೆ, ಮಾತು, ಮಾನವೀಯತೆ ಎಂಬ ಈ ಮೂರು ಅಳತೆಗೋಲುಗಳಲ್ಲಿ ಮೊದಲಿನದನ್ನು ನಮ್ಮ ಸಂಶೋಧಕರು ಚೆನ್ನಾಗಿ ಬಳಸಿರುವರು. ಎರಡನೆಯದನ್ನು ಆಗೀಗ ಬಳಸಿರುವರು. ಮೂರನೆಯದನ್ನು ಬಹುಶಃ ಮರೆತೇ ಬಿಟ್ಟಿರುವರು.

ಈಚಿನ ವರ್ಷಗಳಲ್ಲಿ ನಮ್ಮ ತರುಣ ಶಿಕ್ಷಕರ ಬಾಯಲ್ಲಿ ‘ವಿಕ್ಕಾ’ ಎಂಬ ಹೆಸರು ಕೇಳಿಬರುತ್ತಲಿದೆ. ಯುರೋಪ-ಅಮೇರಿಕೆಗಳಲ್ಲಿ ಹಬ್ಬಿದ ಈ ಮತವು ಪ್ರಕೃತಿಯನ್ನೂ ದೇವಿಯನ್ನೂ ಪೂಜಿಸುವದು, ವರ್ಷಕ್ಕೆ ಎಂಟು ಋತುಹಬ್ಬಗಳನ್ನು ಆಚರಿಸುವದು ಎಂದು ಓದಿದವರು, “ಇದು ನಮ್ಮ ಎಲ್ಲಮ್ಮನೂ ಜೋಕುಮಾರನೂ ಅಲ್ಲದೆ ಮತ್ತೇನು?” ಎಂದು ಕೇಳುವರು. ಪ್ರಶ್ನೆ ಸಹಜವಾದುದೇ. ಆದರೆ ಅದಕ್ಕೆ ‘ಹೌದು’ ಎಂದು ಒಂದೇ ಮಾತಿನಲ್ಲಿ ಉತ್ತರಿಸುವದು ಸುಲಭ, ಸತ್ಯವಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಸುತ್ತಣ ನಮ್ಮ ಹುಣ್ಣಿವೆ-ಅಮವಾಸ್ಯೆಗಳನ್ನು ಆ ಮತದ ಹಬ್ಬಗಳ ಮಗ್ಗುಲಲ್ಲಿಟ್ಟು ತೂಗಿ ನೋಡುವದು ಈ ಲೇಖನದ ಉದ್ದೇಶವು.

೨. ವಿಕ್ಕಾ ಎಂದರೇನು?

ಮೊದಲು ಹೆಸರನ್ನು ವಿಚಾರಿಸೋಣ. ‘ವಿಕ್ಕಾ’ ಎಂಬುದು ಹಳೆಯ ಇಂಗ್ಲೀಷಿನಲ್ಲಿ ಮಾಟಗಾರನಿಗಿದ್ದ ಶಬ್ದ. ಆದುದರಿಂದ ಕೆಲವರು ಈ ಮತವನ್ನು ‘ಮಾಟದ ಮತ’ವೆಂದು ಕನ್ನಡಿಸುವರು. ಇದು ತೀರ ಅಪಾಯದ ಭಾಷಾಂತರ. ನಮ್ಮಲ್ಲಿ ಮಾಟವೆಂದರೆ ಮತ್ತೊಬ್ಬರಿಗೆ ಕೇಡು ಬಗೆಯುವ ಕ್ರಿಯೆ; ವಿಕ್ಕಾದವರ ಮುಖ್ಯ ನೀತಿಯೋ ಯಾರಿಗೂ ಕೇಡು ಮಾಡದೆ ಮನಸ್ಸಿಗೆ ಒಪ್ಪಿದಂತೆ ನಡೆ ಎಂಬುದು. ಮಾಡಿದ ಕೇಡು ಮೂರು ಮಡಿಯಾಗಿ ಮಾಡಿದವನಿಗೇ ಮರಳುವದೆಂದು ಅವರಲ್ಲಿ ಹಲವರು ನಂಬುವರು. ಮಾಟಗಾತಿಯೆಂಬ ಒಂದು ಮಾತಿನಿಂದ ನಮ್ಮ ದೇಶದಲ್ಲಿ ಎಷ್ಟೋ ಬಡ ಹೆಣ್ಣುಮಕ್ಕಳು ಪ್ರಾಣ ಕಳೆದುಕೊಂಡಿರುವರು. ಬಿಹಾರದಲ್ಲಿ ೧೯೯೯ರಲ್ಲಿ ಇದನ್ನು ತಡೆಯಲೆಂದೇ ಕಾಯದೆ ಮಾಡಬೇಕಾಯಿತು. ನಮ್ಮ ಮಹಾರಾಷ್ಟ್ರದಲ್ಲಿ ಡಾ. ನರೇಂದ್ರ ದಾಭೋಳಕರರ ಕೊಲೆಯಾದ ೨೦೧೩ರಲ್ಲಿಯೇ ಅಮಾನುಷ ಪ್ರಥೆಗಳನ್ನೂ ಮಾಟವನ್ನೂ ತಡೆಯುವ ಕಾಯದೆಯು ಬಂದಿತು. ಕರ್ನಾಟಕದಲ್ಲಿ ಅಂಥದೇ ಕಾಯದೆ ೨೦೧೭ರಲ್ಲಿ ಆಯಿತು. ಇಂಥ ನೆಲದಲ್ಲಿ ಶಬ್ದವನ್ನು ಎಚ್ಚರದಿಂದ ಬಳಸುವದು ಪಾಂಡಿತ್ಯದ ಮಾತಲ್ಲ, ಹೊಣೆಗಾರಿಕೆಯ ಮಾತು. ‘ವಿಕ್ಕಾ’ವನ್ನು ‘ವಿಕ್ಕಾ’ ಎಂದೇ ಕರೆಯುವದು ಲೇಸು.

ಈ ಮತದವರು ಒಬ್ಬ ದೇವಿಯನ್ನೂ ಕೋಡುಳ್ಳ ಒಬ್ಬ ದೇವನನ್ನೂ ನಂಬುವರು. ದೇವಿಗೆ ಕನ್ಯೆ, ತಾಯಿ, ಮುದುಕಿ ಎಂದು ಮೂರು ರೂಪಗಳು. ಇವು ಬೆಳೆಯುವ, ತುಂಬಿದ, ಕರಗುವ ಚಂದ್ರನಿಗೆ ಹೊಂದುವವು. ದೇವನು ಚಳಿಗಾಲದ ನಡುವೆ ಹುಟ್ಟಿ, ವಸಂತದಲ್ಲಿ ದೇವಿಯನ್ನು ಕೂಡಿ, ಸುಗ್ಗಿಯೊಡನೆ ಸೊರಗಿ ಸತ್ತು, ಮರಳಿ ಹುಟ್ಟುವನು. ಪೂಜೆಗೆ ಗುಡಿಯಿಲ್ಲ, ನೆಲದ ಮೇಲೆ ಒಂದು ಮಂಡಲವನ್ನು ಕಲ್ಪಿಸಿ, ನಾಲ್ಕು ದಿಕ್ಕುಗಳಿಗೆ ಗಾಳಿ, ಬೆಂಕಿ, ನೀರು, ಮಣ್ಣುಗಳನ್ನು ಹೊಂದಿಸಿ, ನಡುವೆ ಬಟ್ಟಲು, ಕತ್ತಿ, ದೀಪಗಳನ್ನಿಟ್ಟು ಕೂಡುವರು. ಹುಣ್ಣಿವೆಗಳಂದು ಸಣ್ಣ ಕೂಟಗಳೂ ವರ್ಷದಲ್ಲಿ ಎಂಟು ಸಲ ದೊಡ್ಡ ಹಬ್ಬಗಳೂ ಆಗುವವು.

ಆ ಎಂಟರಲ್ಲಿ ನಾಲ್ಕು ಸೂರ್ಯನ ಅಯನ-ವಿಷುವಗಳಿಗೆ ಸೇರಿದವು: ಡಿಸೆಂಬರದ ಯೂಲ್, ಮಾರ್ಚದ ಓಸ್ಟಾರಾ, ಜೂನದ ಲಿಥಾ, ಸಪ್ಟೆಂಬರದ ಮೇಬನ್. ಉಳಿದ ನಾಲ್ಕು ಇವುಗಳ ನಡುನಡುವೆ ಬರುವವು: ಅಕ್ಟೋಬರ ೩೧ರ ಸಾವಿನ್, ಫೆಬ್ರುವರಿ ಮೊದಲಿನ ಇಂಬೊಲ್ಕ್, ಮೇ ಮೊದಲಿನ ಬೆಲ್ಟೇನ್, ಅಗಸ್ಟ ಮೊದಲಿನ ಲಾಮಸ್. ಸಾವಿನ್ ಸತ್ತ ಹಿರಿಯರನ್ನು ನೆನೆಯುವ ಹಬ್ಬ. ಇಂಬೊಲ್ಕ್ ಕುರಿಗಳು ಹಾಲುಬಿಡುವ ಕಾಲದ ಹಬ್ಬ. ಬೆಲ್ಟೇನ್ ಬೆಂಕಿ ಹಾಗೂ ದಾಂಪತ್ಯದ ಹಬ್ಬ. ಲಾಮಸ್ ಹೊಸ ಗೋದಿಯ ರೊಟ್ಟಿಯ ಹಬ್ಬ. ಇದಕ್ಕೆ ಅವರು ‘ವರ್ಷದ ಗಾಲಿ’ ಎನ್ನುವರು.

೩. ಅದರ ಪ್ರಾಚೀನತೆಯ ಪ್ರಶ್ನೆ

ಈ ಗಾಲಿಯು ಅನಾದಿಕಾಲದಿಂದ ಉರುಳುತ್ತ ಬಂದಿತೆಂಬುದು ಅನುಯಾಯಿಗಳಲ್ಲಿ ಹಲವರ ನಂಬಿಗೆಯಾಗಿತ್ತು. ಇತಿಹಾಸವು ಬೇರೆ ಮಾತು ಹೇಳುವದು. ಜೇಮ್ಸ ಫ್ರೇಜರನ ‘ಗೋಲ್ಡನ್ ಬೌ’ ಗ್ರಂಥದ ಮೊದಲ ಆವೃತ್ತಿಯು ೧೮೯೦ರಲ್ಲಿ ಬಂದಿತು. ಸತ್ತು ಹುಟ್ಟುವ ಸಸ್ಯದೇವತೆಯ ಕಲ್ಪನೆ ಅಲ್ಲಿಂದ ಹಬ್ಬಿತು. ೧೯೨೧ರಲ್ಲಿ ಮಾರ್ಗರೆಟ್ ಮರೆ ಎಂಬ ವಿದುಷಿಯು, ಹಿಂದಿನ ಶತಕಗಳಲ್ಲಿ ಮಾಟಗಾತಿಯರೆಂದು ಕೊಲ್ಲಲ್ಪಟ್ಟವರು ಒಂದು ಗುಪ್ತವಾದ ಹಳೆಯ ಧರ್ಮದವರೆಂದು ವಾದಿಸಿದಳು. ಹಿಂಸೆ ಕೊಟ್ಟು ಹೇಳಿಸಿದ ಮಾತುಗಳನ್ನೂ ನ್ಯಾಯಾಲಯದ ಕಾಗದಗಳಿಂದ ಆಯ್ದು ತೆಗೆದ ತುಣುಕುಗಳನ್ನೂ ನೆಚ್ಚಿ ನಿಂತ ಆ ವಾದವನ್ನು ಮುಂದಿನ ಇತಿಹಾಸಕಾರರು ತಳ್ಳಿಹಾಕಿರುವರು. ೧೯೪೮ರಲ್ಲಿ ಕವಿ ರಾಬರ್ಟ ಗ್ರೇವ್ಸನು ‘ದಿ ವ್ಹಾಯಿಟ್ ಗಾಡೆಸ್’ ಬರೆದು ತ್ರಿರೂಪದ ದೇವಿಯನ್ನು ಜನಪ್ರಿಯಗೊಳಿಸಿದನು. ೧೭೩೫ರ ಮಾಟದ ಕಾಯದೆಯು ಇಂಗ್ಲಂಡದಲ್ಲಿ ೧೯೫೧ರಲ್ಲಿ ರದ್ದಾಗಲು, ಮಲಾಯಾದಲ್ಲಿ ಸುಂಕದ ಅಧಿಕಾರಿಯಾಗಿ ದುಡಿದು ನಿವೃತ್ತನಾಗಿದ್ದ ಜೆರಾಲ್ಡ ಗಾರ್ಡನರನು ೧೯೫೪ರಲ್ಲಿ ‘ವಿಚ್‌ಕ್ರಾಫ್ಟ ಟುಡೇ’ ಎಂಬ ಪುಸ್ತಕವನ್ನು ಪ್ರಕಟಿಸಿದನು. ಅದಕ್ಕೆ ಮುನ್ನುಡಿ ಬರೆದವಳು ಅದೇ ಮಾರ್ಗರೆಟ್ ಮರೆ. ಎಂಟು ಹಬ್ಬಗಳ ಪೂರ್ಣಚಕ್ರವು ಗಾರ್ಡನರನ ಬಳಗದಲ್ಲಿ ನೆಲೆಗೊಂಡದ್ದು ೧೯೫೦ರ ದಶಕದ ಕೊನೆಗೆ. ಮೇಬನ್, ಲಿಥಾ, ಓಸ್ಟಾರಾ ಎಂಬ ಹೆಸರುಗಳನ್ನು ಈ ಹಬ್ಬಗಳಿಗೆ ಇಟ್ಟವನು ಅಮೇರಿಕೆಯ ಏಡನ್ ಕೆಲ್ಲಿ, ಅದೂ ೧೯೭೪ರಲ್ಲಿ. ಇದೆಲ್ಲವನ್ನು ರೊನಾಲ್ಡ ಹಟನ್ ಎಂಬ ಇತಿಹಾಸಕಾರರು ೧೯೯೯ರ ತಮ್ಮ ‘ಟ್ರಯಂಫ್ ಆಫ್ ದಿ ಮೂನ್’ ಗ್ರಂಥದಲ್ಲಿ ವಿವರವಾಗಿ ತೋರಿಸಿರುವರು.

ಅಂದಮೇಲೆ ವಿಕ್ಕಾ ಸುಳ್ಳೇ? ಹಾಗೆನ್ನುವದು ನ್ಯಾಯವಲ್ಲ. ಹೊಸದಾದ ಮಾತ್ರಕ್ಕೆ ಮತವು ಹುಸಿಯಾಗದು. ಎಲ್ಲ ಮತಗಳೂ ಒಂದು ದಿನ ಹೊಸವೇ ಆಗಿದ್ದವು. ನಾವು ಗಮನಿಸಬೇಕಾದುದು ಬೇರೆ. ಯಂತ್ರಗಳ ಯುಗದಲ್ಲಿ ಹೊಲದಿಂದ ದೂರವಾದ ಪಟ್ಟಣದ ಜನರು ತಮ್ಮ ಕಳೆದುಹೋದ ಋತುಗಳನ್ನು ಮರಳಿ ಪಡೆಯಲು ಹೊರಟರು. ಅಲ್ಲಲ್ಲಿ ಉಳಿದ ಬೆಂಕಿ, ಹೂವು, ರೊಟ್ಟಿಗಳ ಚೂರುಪಾರು ಆಚರಣೆ ಸಿಕ್ಕಿತು. ಆದರೆ ಅದರ ಹಾಡು ಸಿಕ್ಕಲಿಲ್ಲ. ಹಳೆಯ ಮಾತು ಬಾಯಿಂದ ಬಾಯಿಗೆ ಬರುವದು ಎಂದೋ ನಿಂತುಹೋಗಿತ್ತು. ಆದುದರಿಂದ ಡೋರೀನ್ ವ್ಯಾಲಿಯೆಂಟ್ ಎಂಬ ಪ್ರತಿಭಾವಂತ ಹೆಣ್ಣುಮಗಳು ಕುಳಿತು ದೇವಿಯ ನುಡಿಯನ್ನು ಹೊಸದಾಗಿ ಬರೆಯಬೇಕಾಯಿತು. ಮಾತು ಸತ್ತ ಹಬ್ಬಕ್ಕೆ ಮಾತನ್ನು ಗ್ರಂಥದಿಂದ ತರುವದು ಎಷ್ಟು ಪ್ರಯಾಸದ ಕೆಲಸವೆಂಬುದಕ್ಕೆ ವಿಕ್ಕಾದ ಚರಿತ್ರೆಯೇ ಉದಾಹರಣೆ. ಈ ಮಾತನ್ನು ಮುಂದೆ ಮರಳಿ ನೆನೆಯುವೆವು.

೪. ಹೋಲಿಕೆಯ ಮೋಸಗಳು

ಎರಡು ಸಂಸ್ಕೃತಿಗಳನ್ನು ಹೋಲಿಸುವವರು ಜಾರಿಬೀಳುವ ತಾಣಗಳು ಎರಡು. ಒಂದು ಶಬ್ದದ್ದು, ಇನ್ನೊಂದು ತಾರೀಖಿನದು.

ಸತ್ತವರನ್ನು ನೆನೆಯುವ ಹಬ್ಬದ ಹೆಸರು ‘ಸಾವಿನ್’ ಎಂದು ಕೇಳಿದೊಡನೆ ಕನ್ನಡಿಗನ ಕಿವಿ ನೆಟ್ಟಗಾಗುವದು. ‘ಸಾವಿನ’ ಹಬ್ಬ! ಆದರೆ ಅದು ಐರಿಶ್ ಭಾಷೆಯ ಶಬ್ದ. ಬೇಸಿಗೆ ಮುಗಿದ ಕಾಲವನ್ನು ಹೇಳುವ ಹೆಸರು. ನಮ್ಮ ಸಾವಿಗೂ ಅದಕ್ಕೂ ಯಾವ ನಂಟೂ ಇಲ್ಲ. ಇಂಥ ಧ್ವನಿಸಾಮ್ಯಗಳನ್ನು ಹಿಡಿದು ಗ್ರಂಥ ಬರೆದವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಎರಡನೆಯದು ಇದಕ್ಕಿಂತ ಮೋಹಕವಾದುದು. ಕೊಲ್ಹಾಪುರದ ಮಹಾಲಕ್ಷ್ಮಿಯ ಗುಡಿಯು ಪಡುವಣಕ್ಕೆ ಮುಖ ಮಾಡಿರುವದು. ವರ್ಷಕ್ಕೆರಡು ಸಲ ಮುಳುಗುವ ಸೂರ್ಯನ ಕಿರಣಗಳು ನೇರವಾಗಿ ಗರ್ಭಗುಡಿಯನ್ನು ಹೊಕ್ಕು ಮೊದಲ ದಿನ ಅಂಬಾಬಾಯಿಯ ಪಾದವನ್ನು, ಎರಡನೆಯ ದಿನ ಎದೆಯನ್ನು, ಮೂರನೆಯ ದಿನ ಇಡಿಯ ಮೂರ್ತಿಯನ್ನು ಬೆಳಗುವವು. ಈ ಕಿರಣೋತ್ಸವದ ದಿನಗಳು ನವೆಂಬರ ೯, ೧೦, ೧೧ ಹಾಗೂ ಜಾನೇವರಿ ೩೧, ಫೆಬ್ರುವರಿ ೧, ೨. ಫೆಬ್ರುವರಿಯ ಮೊದಲ ದಿನವೆಂದರೆ ವಿಕ್ಕಾದ ಇಂಬೊಲ್ಕ್! ದೇವಿಯ ಮೇಲೆ ಬೆಳಕು ಬೀಳುವ ದಿನವೂ ಬೆಳಕಿನ ದೇವಿಯ ದಿನವೂ ಒಂದೇ!

ಗಣಿತದ ಶಿಕ್ಷಕರು ಇಲ್ಲಿ ನಮ್ಮ ನೆರವಿಗೆ ಬರಬೇಕು. ನವೆಂಬರ ೧೦ರಂದೂ ಫೆಬ್ರುವರಿ ೧ರಂದೂ ಸೂರ್ಯನ ದಕ್ಷಿಣ ಕ್ರಾಂತಿಯು ಸುಮಾರು ೧೭ ಅಂಶವಾಗಿರುವದು. ಡಿಸೆಂಬರದ ಅಯನದಿನಕ್ಕೆ ಆರು ವಾರ ಮೊದಲೂ ಆರು ವಾರ ತರುವಾಯವೂ ಸೂರ್ಯನು ದಿಗಂತದ ಅದೇ ಜಾಗದಲ್ಲಿ ಮುಳುಗುವನು. ಗುಡಿಯ ಬಾಗಿಲು ಆ ಜಾಗಕ್ಕೆ ನೇರವಾಗಿರುವದರಿಂದ ಕಿರಣವು ಎರಡು ಸಲ ಒಳಗೆ ಬರುವದು. ಇಂಬೊಲ್ಕ್ ಕೂಡ ಅಯನಕ್ಕೂ ವಿಷುವಕ್ಕೂ ನಡುವಿನ ದಿನವಾದುದರಿಂದ ತಾರೀಖುಗಳು ಕೂಡಿದವು. ಆಕಾಶವು ಎಲ್ಲರಿಗೂ ಒಂದೇ. ಅದನ್ನು ನೋಡಿದವರು ಒಬ್ಬರಿಂದೊಬ್ಬರು ಕಲಿತರೆಂದು ಹೇಳಬೇಕಾದ ಕಾರಣವಿಲ್ಲ.

ಆಕಾಶ ಒಂದೇ ಆದರೂ ನೆಲ ಬೇರೆ. ಆಸ್ಟ್ರೇಲಿಯಾದ ವಿಕ್ಕಾದವರು ತಮ್ಮ ಗಾಲಿಯನ್ನು ಆರು ತಿಂಗಳು ತಿರುಗಿಸಿಕೊಂಡು ಆಚರಿಸುವರು. ಅಲ್ಲಿ ಡಿಸೆಂಬರವು ಬೇಸಿಗೆ. ನಮ್ಮಲ್ಲಿ ತಿರುಗಿಸಿದರೂ ಅದು ಕೂಡದು. ಏಕೆಂದರೆ ನಮ್ಮ ವರ್ಷವನ್ನು ಆಳುವವನು ಸೂರ್ಯನಿಗಿಂತ ಹೆಚ್ಚಾಗಿ ಮಳೆರಾಯ. ಅವರು ಹೊಸ ಗೋದಿಯ ರೊಟ್ಟಿ ಮುರಿಯುವ ಅಗಸ್ಟ ಮೊದಲ ವಾರದಲ್ಲಿ ಪಂಚಗಂಗೆಯೂ ಹಿರಣ್ಯಕೇಶಿಯೂ ದಡ ಮುಟ್ಟಿ ಹರಿಯುತ್ತಿರುವವು; ನಮ್ಮ ರೈತನು ಕಳೆ ತೆಗೆಯುತ್ತಿರುವನು. ಅವರ ಪಾಲಿಗೆ ನೆಲವೇ ಸತ್ತಂತಿರುವ ಡಿಸೆಂಬರದ ಹೊತ್ತಿಗೆ ಗಡಹಿಂಗ್ಲಜದ ಮೂಡಣ ಸೀಮೆಯಲ್ಲಿ ಬಿಳಿಜೋಳ ಎದೆಯುದ್ದ ನಿಂತಿರುವದು. ಎಳ್ಳ ಅಮವಾಸ್ಯೆಗೆ ಮನೆಮಂದಿಯೆಲ್ಲ ಸಜ್ಜೆರೊಟ್ಟಿ, ಕಡುಬು ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವರು.

೫. ನಮ್ಮ ಗಾಲಿ: ಕರಿ, ಹೊಸನೀರು, ಜೋಕುಮಾರ

ನಮ್ಮ ಭಾಗದ ವರ್ಷವು ಪಂಚಾಂಗದಲ್ಲಿ ಯುಗಾದಿಗೆ ಮೊದಲಾದರೂ ಒಕ್ಕಲಿಗನ ವರ್ಷ ಮೊದಲಾಗುವದು ಕಾರಹುಣ್ಣಿವೆಗೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಅಗಸಿಯಲ್ಲಿ ಅಡ್ಡ ಕಟ್ಟಿದ ಕರಿಯನ್ನು ಓಡುವ ಎತ್ತುಗಳಿಂದ ಹರಿಸುವರು. ಯಾವ ಬಣ್ಣದ ಎತ್ತು ಮೊದಲು ಹರಿಯಿತೆಂಬುದರ ಮೇಲೆ ಮುಂಗಾರಿ-ಹಿಂಗಾರಿಗಳ ಭವಿಷ್ಯ ನುಡಿಯುವರು. ಇದೇ ಹಬ್ಬಕ್ಕೆ ಕೊಲ್ಹಾಪುರ ಸೀಮೆಯ ಮರಾಠಿಯಲ್ಲಿ ‘ಕರ್ನಾಟಕಿ ಬೇಂದೂರ’ ಎಂದು ಹೆಸರು. ಆಷಾಢದಲ್ಲಿ ಬರುವುದು ‘ಮಹಾರಾಷ್ಟ್ರೀಯ ಬೇಂದೂರ’. ಮಗ್ಗಗಳ ಊರಾದ ಇಚಲಕರಂಜಿಯಲ್ಲಿಯೂ ಕರ್ನಾಟಕಿ ಬೇಂದೂರವನ್ನು ಸಂಭ್ರಮದಿಂದ ಮಾಡಿ ‘ಕರ’ ಮುರಿಯುವರು. ನಾವು ‘ಕರಿ ಹರಿಯುವದು’ ಎನ್ನುವದನ್ನೇ ಅವರು ‘ಕರ ತೋಡಣೆ’ ಎನ್ನುವರು. ಕ್ರಿಯಾಪದ ಮರಾಠಿಯಾಯಿತು, ನಾಮಪದ ಹಾಗೆಯೇ ಉಳಿಯಿತು. ಒಂದು ಹಬ್ಬವು ಎರಡು ಭಾಷೆಗಳ ನಡುವೆ ಹೇಗೆ ಬಾಳುವದೆಂಬುದಕ್ಕೆ ಇದಕ್ಕಿಂತ ಅಂದವಾದ ಸಾಕ್ಷಿಯು ಬೇಕಿಲ್ಲ.

ಆಷಾಢದ ಮಂಗಳವಾರಗಳಲ್ಲಿ ಕನ್ನಡ ಹಳ್ಳಿಗಳ ಹುಡುಗಿಯರು ಮಣ್ಣು ತಂದು ಗುಳ್ಳವ್ವನನ್ನು ಮಾಡಿ ಹಾಡಿ ಆಡುವರು. ಅದೇ ಆಷಾಢದಲ್ಲಿ ಕೊಲ್ಹಾಪುರದ ಜನರು ಪಂಚಗಂಗೆಯ ಹೊಸನೀರನ್ನು ವಾದ್ಯಗಳೊಡನೆ ಒಯ್ದು ಗುಡ್ಡದ ಮೇಲಿನ ತ್ರ್ಯಂಬೋಲಿಗೆ ಅರ್ಪಿಸುವರು. ಒಂದು ಕಡೆ ಹೊಸ ಮಣ್ಣು, ಇನ್ನೊಂದು ಕಡೆ ಹೊಸ ನೀರು. ಭಾಷೆ ಎರಡಾದರೂ ಮಳೆ ಒಂದೇ.

ಇನ್ನು ಭಾದ್ರಪದದ ಜೋಕುಮಾರ. ಅಂಬಿಗರ, ಬಾರಿಕೇರರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಬೇವಿನೆಲೆಯ ನಡುವೆ ಮಣ್ಣಿನ ಜೋಕುಮಾರನನ್ನು ಕೂಡಿಸಿಕೊಂಡು ಮನೆಮನೆಗೆ ಹೋಗಿ ಹಾಡುವರು. ಮನೆಯವರು ಮರದಲ್ಲಿ ಕಾಳು ನೀಡುವರು. ಏಳು ದಿನ ಬಾಳಿ ಅನಂತನ ಹುಣ್ಣಿವೆಗೆ ಅವನು ಸಾಯುವನು. ಅಗಸರ ಕಲ್ಲಿನ ಹತ್ತಿರ ಅವನ ಕಥೆ ಮುಗಿಯುವದು. ಫ್ರೇಜರನನ್ನು ಓದಿದ ಅಭ್ಯಾಸಿಯು ಇಲ್ಲಿ ಕೂಡಲೆ ‘ಸತ್ತು ಹುಟ್ಟುವ ಫಲದೇವತೆ’ ಎಂದು ಬರೆದು ಲೇಖನಿಯನ್ನು ಕೆಳಗಿಡುವನು. ವಿಕ್ಕಾದ ಕೋಡಿನ ದೇವನಿಗೂ ಇವನಿಗೂ ಗಂಟುಹಾಕುವದು ಆಗ ಸುಲಭ.

ಆದರೆ ಜನರು ಹೇಳುವ ಕಥೆಯನ್ನು ಪೂರ್ತಿ ಕೇಳಬೇಕು. ಜೋಕುಮಾರನಿಗಿಂತ ಮೊದಲು ಊರಿಗೆ ಬಂದು ಹೋದವನು ಗಣಪ. ಕಡಬು-ಹೂರಣ ಉಂಡ ಗಣಪನು ಕೈಲಾಸಕ್ಕೆ ಹೋಗಿ ಭೂಲೋಕದಲ್ಲಿ ಎಲ್ಲರೂ ಸುಖವಾಗಿರುವರೆಂದು ಶಿವನಿಗೆ ವರದಿ ಒಪ್ಪಿಸುವನು. ಕೇರಿ ಕೇರಿ ಅಲೆದು ಮಜ್ಜಿಗೆ-ಅಂಬಲಿ ಕಂಡ ಜೋಕುಮಾರನು ಮಾತ್ರ ನಿಜ ಹೇಳುವನು: ಮಳೆ ಇಲ್ಲ, ಬೆಳೆ ಇಲ್ಲ, ಜನ ಹಸಿದಿರುವರು. ಆಗ ಮಳೆಯಾಗುವದು. ಇದರಲ್ಲಿ ಫಲದೇವತೆಯ ಅಂಶವಿಲ್ಲವೆಂದಲ್ಲ. ಆದರೆ ಕಥೆಯ ಜೀವ ಅದರಲ್ಲಿಲ್ಲ. ಉಳ್ಳವರ ಮನೆಯಲ್ಲಿ ಉಂಡವನ ವರದಿಗೂ ಇಲ್ಲದವರ ಓಣಿಯಲ್ಲಿ ತಿರುಗಿದವನ ವರದಿಗೂ ಇರುವ ಅಂತರವೇ ಅದರ ಜೀವ. ವಿಕ್ಕಾದ ದೇವನಿಗೆ ಊರಿಲ್ಲ, ಓಣಿಯಿಲ್ಲ, ಜಾತಿಯಿಲ್ಲ. ಅವನು ಹುಟ್ಟುವನು, ಸಾಯುವನು, ಅಷ್ಟೇ. ನಮ್ಮ ಜೋಕುಮಾರನು ಮಾತಾಡುವನು. ಈ ಮಾತು ಇರುವದು ಹಾಡಿನಲ್ಲಿ. ಮಣ್ಣಿನ ಮೂರ್ತಿಯನ್ನು ಎಷ್ಟು ಅಳೆದರೂ ಅದು ಸಿಕ್ಕದು.

ನಮ್ಮ ಸೀಮೆಗೆ ಸಮೀಪದ ಘೋಡಗೇರಿಯವರಾದ ಶ್ರೀ ಚಂದ್ರಶೇಖರ ಕಂಬಾರರು ೧೯೭೨ರ ತಮ್ಮ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಜೀವಾಳವನ್ನು ಕವಿಯ ಕಣ್ಣಿನಿಂದ ಹಿಡಿದಿರುವರು. ಮಕ್ಕಳಾಗದ ಗೌಡತಿಯ ಬಯಕೆಯೂ ಉಳುವವನಿಗೆ ನೆಲ ಬೇಕೆನ್ನುವ ಬಸಣ್ಣನ ಹಟವೂ ಅಲ್ಲಿ ಒಂದೇ ಕಥೆಯಾಗಿ ಹೆಣೆದುಕೊಂಡಿವೆ. ಬಂಜೆಯಾದ ಹೊಲ, ಬಂಜೆಯಾದ ಗೌಡಿಕೆ. ಕೊನೆಗೆ ಬಸಣ್ಣನ ಸಾವು. ಆಚರಣೆಯನ್ನು ಸಂಕೇತವೆಂದು ಮಾತ್ರ ಕಾಣದೆ ಅದರೊಳಗಿನ ಅನ್ಯಾಯದ ಅರಿವನ್ನು ಹೊರತೆಗೆದದ್ದರಿಂದಲೇ ಆ ನಾಟಕಕ್ಕೆ ಬೆಲೆ. ಸಂಶೋಧಕರು ಕವಿಯಿಂದ ಕಲಿಯಬೇಕಾದ ಪಾಠವಿದು.

೬. ಎರಡು ಹುಣ್ಣಿವೆಗಳು ಮತ್ತು ಬಳೆ

ಈಗ ನಮ್ಮ ಮೂರನೆಯ ಅಳತೆಗೋಲಿಗೆ ಬರೋಣ. ಮಾರ್ಗಶೀರ್ಷದ ಹೊಸ್ತಿಲ ಹುಣ್ಣಿವೆಗೆ ಕೊಲ್ಹಾಪುರ ಸೀಮೆಯಿಂದ ಸಾವಿರಾರು ಭಕ್ತರು ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವರು. ಜಮದಗ್ನಿಯು ಮಡಿದ ದಿನವೆಂದು ಅಂದು ದೇವಿಯ ಬಳೆ ಒಡೆಯುವ, ಮಂಗಳಸೂತ್ರ ಇಳಿಸುವ ವಿಧಿಯಾಗುವದು. ಜನರು ಅದನ್ನು ‘ರಂಡಿ ಹುಣ್ಣಿವೆ’ ಎನ್ನುವರು. ಎರಡು ತಿಂಗಳ ತರುವಾಯ ಮಾಘದ ಭಾರತ ಹುಣ್ಣಿವೆಗೆ ದೇವಿಯು ಮತ್ತೆ ಬಳೆ ತೊಟ್ಟು ಮುತ್ತೈದೆಯಾಗುವಳು. ಅದು ‘ಮುತ್ತೈದೆ ಹುಣ್ಣಿವೆ’.

ಋತುಗಳ ಕಥೆಯಾಗಿ ಓದಿದರೆ ಇದು ಘನವಾದ ಕಲ್ಪನೆ. ಸಾವಿನ ತರುವಾಯ ಬಾಳು ಮರಳುವದೆಂಬ ವಿಕ್ಕಾದ ನಂಬಿಗೆಯು ಇಲ್ಲಿ ಒಬ್ಬ ಹೆಣ್ಣಿನ ಕೈಬಳೆಯಲ್ಲಿ ಮೂರ್ತವಾಗಿರುವದು. ಆದರೆ ವಿಮರ್ಶಕನು ಒಂದು ಪ್ರಶ್ನೆ ಕೇಳಲೇಬೇಕು. ದೇವಿಯ ಬಳೆ ಎರಡು ತಿಂಗಳಿಗೆ ಮರಳುವದು. ಅದೇ ಗುಡ್ಡವನ್ನು ಹತ್ತಿ ಬಂದ ವಿಧವೆಯ ಬಳೆ ಎಂದು ಮರಳುವದು? ದೇವಿಗೆ ಸಂದ ಋತುಚಕ್ರವು ಮನುಷ್ಯಳಿಗೆ ಸಲ್ಲಲಿಲ್ಲ. ಅವಳ ಪಾಲಿಗೆ ವರ್ಷವೆಲ್ಲ ಹೊಸ್ತಿಲ ಹುಣ್ಣಿವೆಯೇ. ವಿಕ್ಕಾದವರು ತಮ್ಮ ದೇವಿಯ ಮೂರನೆಯ ರೂಪವಾದ ಮುದುಕಿಯನ್ನು ಅರಿವಿನ ಗಣಿಯೆಂದು ಮನ್ನಿಸುವರು. ಹೆಂಗಸರೇ ಅವರಲ್ಲಿ ಪುರೋಹಿತರಾಗುವರು. ಅವರ ಹಬ್ಬ ಹೊಸದಿರಬಹುದು. ಈ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದಿರುವರೆಂದು ಒಪ್ಪಲು ನಾಚಿಕೆ ಬೇಡ.

ಇದೇ ಎಲ್ಲಮ್ಮನ ಹೆಸರಿನಲ್ಲಿ ಬಡವರ, ದಲಿತರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಅವರ ಬಾಳನ್ನು ಹಾಳುಮಾಡಿದ ಪದ್ಧತಿಯನ್ನು ‘ಪ್ರಕೃತಿಪೂಜೆ’ಯೆಂಬ ಚಂದದ ಶಬ್ದದಿಂದ ಮುಚ್ಚಲಾಗದು. ಮುಂಬಯಿ ಪ್ರಾಂತದಲ್ಲಿ ೧೯೩೪ರಷ್ಟು ಹಿಂದೆಯೇ ಇದರ ವಿರುದ್ಧ ಕಾಯದೆ ಬಂದಿತು. ೧೯೭೫ರಲ್ಲಿ ನಮ್ಮ ಗಡಹಿಂಗ್ಲಜದಲ್ಲಿಯೇ ದೇವದಾಸಿಯರ ಪರಿಷತ್ತು ಸೇರಿತು. ಕರ್ನಾಟಕವು ೧೯೮೨ರಲ್ಲಿ, ಮಹಾರಾಷ್ಟ್ರವು ೨೦೦೫ರ ಕಾಯದೆಯಿಂದ ಈ ಸಮರ್ಪಣೆಯನ್ನು ನಿಷೇಧಿಸಿದವು. ದೂರದಿಂದ ನೋಡುವವನಿಗೆ ದೇವಿಯ ಪೂಜೆಯೆಂದರೆ ಹೆಣ್ಣಿನ ಗೌರವವೆಂದೇ ತೋರುವದು. ಹತ್ತಿರದಲ್ಲಿರುವ ನಮಗೆ ಗೊತ್ತು: ದೇವಿಯನ್ನು ಹೊತ್ತ ಊರೇ ಹೆಣ್ಣನ್ನು ನೆಲಕ್ಕೆ ತುಳಿದದ್ದೂ ಉಂಟು.

ಹಾಗಾದರೆ ಹಬ್ಬವನ್ನೇ ಬಿಡಬೇಕೇ? ಬೇಡವೆಂಬುದಕ್ಕೆ ನಮ್ಮ ಜಿಲ್ಲೆಯೇ ದಾರಿ ತೋರಿರುವದು. ಶಿರೋಳ ತಾಲೂಕಿನ ಹೇರವಾಡ ಗ್ರಾಮದವರು ೨೦೨೨ರ ಮೇ ೪ರಂದು, ರಾಜರ್ಷಿ ಶಾಹೂ ಮಹಾರಾಜರು ತೀರಿ ನೂರು ವರ್ಷ ತುಂಬುವ ಹೊತ್ತಿಗೆ, ಗ್ರಾಮಸಭೆಯಲ್ಲಿ ಒಂದು ನಿರ್ಣಯ ಮಾಡಿದರು: ಗಂಡ ಸತ್ತ ಹೆಣ್ಣಿನ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ಪದ್ಧತಿ ಇನ್ನು ಊರಲ್ಲಿ ಬೇಡ. ಅದೇ ತಿಂಗಳಲ್ಲಿ ರಾಜ್ಯ ಸರಕಾರವು ಉಳಿದ ಗ್ರಾಮಗಳೂ ಹೀಗೆ ಮಾಡಬೇಕೆಂದು ಸುತ್ತೋಲೆ ಹೊರಡಿಸಿತು. ನಮ್ಮ ದೃಷ್ಟಿಯಲ್ಲಿ ಹೇರವಾಡದವರು ಸಂಪ್ರದಾಯವನ್ನು ಮುರಿಯಲಿಲ್ಲ. ಭಾರತ ಹುಣ್ಣಿವೆಯ ಅರ್ಥವನ್ನು ದೇವಿಯಿಂದ ಮನುಷ್ಯಳವರೆಗೆ ತಂದರು. ಬಳೆ ಮರಳುವದೆಂದು ಕಥೆಯಲ್ಲಿ ನಂಬಿದವರು ಮನೆಯಲ್ಲಿಯೂ ನಂಬಲಿ ಎಂಬುದೇ ಆ ನಿರ್ಣಯದ ತಾತ್ಪರ್ಯ.

೭. ಶಿಕ್ಷಕರ ಕರ್ತವ್ಯ

ಮೇಲೆ ಹೇಳಿದುದನ್ನು ಒಟ್ಟುಗೂಡಿಸಿದರೆ ಇಷ್ಟಾಗುವದು. ವಿಕ್ಕಾದವರಿಗೆ ಉದಾರವಾದ ನೀತಿ ಇರುವದು, ಆದರೆ ಹಳೆಯ ಮಾತಿಲ್ಲ. ಅದನ್ನು ಅವರು ಬರೆದುಕೊಳ್ಳಬೇಕಾಯಿತು. ನಮಗೆ ಹಳೆಯ ಮಾತು ಇರುವದು; ನೀತಿಯನ್ನು ಮಾತ್ರ ತಿದ್ದಿಕೊಳ್ಳಬೇಕಾಗಿರುವದು. ನೀತಿಯನ್ನು ತಿದ್ದಿಕೊಳ್ಳಲು ಒಂದು ಗ್ರಾಮಸಭೆ ಸಾಕಾದೀತು. ಕಳೆದ ಮಾತನ್ನು ತರಲು ಯಾವ ಸಭೆಯಿಂದಲೂ ಆಗದು.

ಮಾತು ಕಳೆಯುತ್ತಿರುವ ಲಕ್ಷಣಗಳು ಕಣ್ಣೆದುರಿಗಿವೆ. ಎತ್ತಿನ ಬದಲು ಟ್ರ್ಯಾಕ್ಟರು ಬಂದ ಊರಲ್ಲಿ ಕರಿ ಹರಿಯುವವರಿಲ್ಲ. ಮಗ್ಗದ ಪಾಳಿಗೆ ಹೋಗುವ ಮನೆಯಲ್ಲಿ ಆಷಾಢದ ಮಂಗಳವಾರವೂ ಒಂದು ಪಾಳಿಯೇ. ಗಡಹಿಂಗ್ಲಜದ ಮೂಡಣ ಹಳ್ಳಿಗಳಲ್ಲಿ ಅಜ್ಜಿ ಕನ್ನಡದಲ್ಲಿ ಹಾಡುವಳು, ಮೊಮ್ಮಗಳು ಮರಾಠಿಯಲ್ಲಿ ಓದುವಳು. ಅಜ್ಜಿಯ ಹಾಡಿನ ಅರ್ಧ ಶಬ್ದಗಳು ಮೊಮ್ಮಗಳಿಗೆ ದಕ್ಕವು. ಇದರಲ್ಲಿ ಯಾರ ತಪ್ಪೂ ಇಲ್ಲ. ಮರಾಠಿಯು ನಮ್ಮ ಮಕ್ಕಳಿಗೆ ಅನ್ನದ ಭಾಷೆ, ನೆರೆಯ ಭಾಷೆ; ಅದನ್ನು ಅವರು ಚೆನ್ನಾಗಿ ಕಲಿಯಲಿ. ಅಜ್ಜಿಯ ಹಾಡನ್ನು ಬರೆದಿಡುವ ಕೆಲಸ ಮಾತ್ರ ಇಂದಿಗೇ ಆಗಬೇಕು. ಬರುವ ಭಾದ್ರಪದದವರೆಗೆ ಕಾಯುವಷ್ಟು ವಯಸ್ಸು ಎಲ್ಲ ಅಜ್ಜಿಯರಿಗೂ ಉಳಿದಿಲ್ಲ.

೧೯೩೧ರಲ್ಲಿ ‘ಗರತಿಯ ಹಾಡು’ ಹೊರಬಂದಾಗ ಅದನ್ನು ಕೂಡಿಸಿದವರು ಯಾವ ವಿಶ್ವವಿದ್ಯಾಲಯದವರೂ ಆಗಿರಲಿಲ್ಲ. ಭೀಮಾತೀರದ ಹಲಸಂಗಿ ಎಂಬ ಹಳ್ಳಿಯ ಗೆಳೆಯರು. ಅವರಿಗಿದ್ದುದು ಕಾಗದ, ಲೇಖನಿ ಹಾಗೂ ತಾಯಂದಿರ ಹಾಡಿನ ಮೇಲಿನ ಗೌರವ. ಇಂದು ನಮ್ಮ ಪ್ರತಿಯೊಬ್ಬ ಶಿಕ್ಷಕನ ಕಿಸೆಯಲ್ಲಿ ಧ್ವನಿ ಹಿಡಿಯುವ ಯಂತ್ರವಿರುವದು.

ಆದುದರಿಂದ ಶಿಕ್ಷಕ ಬಂಧುಗಳಲ್ಲಿ ನಮ್ಮ ವಿನಂತಿ ಇದು. ತಮ್ಮ ಊರಿನ ಒಂದು ಹಬ್ಬವನ್ನು, ಒಂದನ್ನೇ, ಆರಿಸಿಕೊಳ್ಳಿರಿ. ಆಚರಣೆಯನ್ನು ಬರೆಯುವಾಗ ಹಾಡನ್ನು ಪೂರ್ತಿಯಾಗಿ, ಹಾಡಿದವರ ಒಪ್ಪಿಗೆ ಪಡೆದು, ಅವರ ಉಚ್ಚಾರದಂತೆಯೇ ಬರೆಯಿರಿ, ಗ್ರಾಂಥಿಕವಾಗಿ ತಿದ್ದಬೇಡಿರಿ. ಮರಾಠಿ ಶಬ್ದ ಬಂದಲ್ಲಿ ಅದನ್ನು ತೆಗೆಯಬೇಡಿರಿ, ಅದೂ ಚರಿತ್ರೆಯೇ. ಹಾಡುವವರು ಯಾವ ಓಣಿಯವರು, ಅವರಿಗೆ ಸಿಕ್ಕ ಕಾಳು ಎಷ್ಟು, ಹೊಸ್ತಿಲ ಒಳಗೆ ಬಂದರೋ ಹೊರಗೇ ನಿಂತರೋ ಎಂಬುದನ್ನು ಗುರುತಿಸಿರಿ. ಕೊನೆಗೆ, ಆ ದಿನ ಯಾರು ಕರೆಯದೆ ಮನೆಯಲ್ಲಿ ಉಳಿದರು ಎಂಬುದನ್ನೂ ಮರೆಯದೆ ಕೇಳಿರಿ. ಜೋಕುಮಾರನು ಶಿವನಿಗೆ ಒಪ್ಪಿಸಿದ್ದು ಇಂಥ ವರದಿಯನ್ನೇ. ಅಂಥ ಹತ್ತು ವರದಿಗಳು ಮುಂದಿನ ಸಂಚಿಕೆಗೆ ಬಂದರೆ ನಮ್ಮ ಸಂಘದ ಈ ಸಂಶೋಧನೆಯ ಕಾರ್ಯವು ಸಾರ್ಥಕವಾಗುವದು.